ಗರ್ಭ ನಿಂತಿತೆಂದು ತಿಳಿಯುವ ಮೊದಲೇ: ಶಿಶುವಿನ ಮಿದುಳು ರೂಪುಗೊಳ್ಳುವ ಬಗೆ



ದೇವರಗುಡ್ಡದ ಮಾಲತೇಶ ಸ್ವಾಮಿಯ ಸನ್ನಿಧಿಯಲ್ಲಿ ಪ್ರತಿವರ್ಷ ದಸರೆಯ ಹೊತ್ತಿಗೆ ಕಾರಣಿಕೋತ್ಸವ ಜರುಗುವುದು ತಮಗೆಲ್ಲ ತಿಳಿದದ್ದೇ. ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ಕಾರಣಿಕದ ಮರುದಿನ ಬೆಳಿಗ್ಗೆ, ಗುಡ್ಡಕ್ಕೆ ಬಂದಿದ್ದ ಒಂದು ಕುಟುಂಬ ನನ್ನ ಚಿಕಿತ್ಸಾಲಯಕ್ಕೆ ಬಂದಿತು. ಗಂಡ, ಹೆಂಡತಿ ಮತ್ತು ಅತ್ತೆ. ಆ ಹೆಣ್ಣುಮಗಳಿಗೆ ಇಪ್ಪತ್ತೆರಡು ವರ್ಷವಿದ್ದಿರಬಹುದು. ಆರು ತಿಂಗಳ ಹಿಂದೆ ಆಕೆಗೆ ಚೊಚ್ಚಲ ಹೆರಿಗೆಯಾಗಿತ್ತು. ಮಗುವಿನ ಮುಖ, ಕೈಕಾಲು ಎಲ್ಲವೂ ಸರಿಯಾಗಿದ್ದವು. ಹುಬ್ಬಿನಿಂದ ಮೇಲೆ ತಲೆಬುರುಡೆಯೇ ಇರಲಿಲ್ಲ. ಒಂದು ತಾಸು ಉಸಿರಾಡಿ ಆ ಶಿಶು ತೀರಿಕೊಂಡಿತ್ತು.

“ಗ್ರಹಣದ ದಿನ ಈಕಿ ಈಳಿಗಿ ಹಿಡಿದಿದ್ಲರೀ ಡಾಕ್ಟ್ರ. ಬ್ಯಾಡ ಅಂದ್ರೂ ಕೇಳ್ಲಿಲ್ಲ. ಅದಕ್ಕ ಹಿಂಗಾತು,” ಎಂದರು ಅತ್ತೆ. ಸೊಸೆ ತಲೆ ಎತ್ತಲಿಲ್ಲ. ಅತ್ತೆಯ ಮಾತನ್ನು ಆಕೆಯೂ ನಂಬಿದ್ದಳೆಂಬುದು ಆ ಮುಖದಲ್ಲಿ ಕಾಣುತ್ತಿತ್ತು.

ನಾನು ನಾಡಿ ನೋಡಿದೆ, ಸಮಾಧಾನ ಹೇಳಿದೆ. ಕೊನೆಗೆ, “ಚಿಂತಿ ಮಾಡಬ್ಯಾಡವ್ವಾ, ಮುಂದಿನ ಸಲ ಗರ್ಭ ನಿಂತ ಮ್ಯಾಲೆ ಬಾ, ಔಷಧ ಕೊಡ್ತೀನಿ,” ಎಂದು ಕಳುಹಿಸಿದೆ. ಆಕೆ ಹೇಳಿದಂತೆಯೇ ಬಂದಳು. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂಬ ಮನೆಯ ಪದ್ಧತಿಯಂತೆ, ಮೂರು ತುಂಬಿದ ಮೇಲೆ ಬಂದಳು. ಸ್ಕ್ಯಾನಿಂಗ್ ಮಾಡಿಸಿದಾಗ ಎರಡನೆಯ ಶಿಶುವಿಗೂ ಅದೇ ದೋಷವಿತ್ತು.

ಆ ದಿನ ನನ್ನ ಸ್ನೇಹಿತರಾದ ಸ್ತ್ರೀರೋಗತಜ್ಞರೊಬ್ಬರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಗರ್ಭ ನಿಂತ ಮೇಲಲ್ಲ ಡಾಕ್ಟರೇ, ನಿಲ್ಲುವ ಮೊದಲೇ ಔಷಧ ಶುರುವಾಗಬೇಕಿತ್ತು.” ತಪ್ಪು ಈಳಿಗೆಯದಾಗಿರಲಿಲ್ಲ. ತಿಳಿದಿರಬೇಕಾದ ವೈದ್ಯನಾದ ನನಗೇ ತಿಳಿದಿರಲಿಲ್ಲ. ಆ ಋಣ ತೀರಿಸಲೆಂದೇ ಈ ಲೇಖನ.

ಜೋಳದ ಕಾಳಿನಷ್ಟು ದೇಹದಲ್ಲಿ

ಮಿದುಳು ಯಾವಾಗ ಹುಟ್ಟುತ್ತದೆ? ಐದನೆಯ ಅಥವಾ ಏಳನೆಯ ತಿಂಗಳಲ್ಲಿ ನಮ್ಮ ಭಾಗದಲ್ಲಿ ಕುಬಸ ಮಾಡುತ್ತೇವೆ. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವೂ ನಮ್ಮಲ್ಲಿದೆ. ಇವೆಲ್ಲ ಶಿಶುವನ್ನು ಬರಮಾಡಿಕೊಳ್ಳುವ ಮಂಗಲಕಾರ್ಯಗಳು. ಆದರೆ ಮಿದುಳಿನ ಅಡಿಪಾಯ ಬೀಳುವುದು ಇವಕ್ಕೆಲ್ಲ ಬಹಳ ಹಿಂದೆ, ಮನೆಯವರಿಗಿರಲಿ, ತಾಯಿಗೂ ಸರಿಯಾಗಿ ಗೊತ್ತಿಲ್ಲದ ದಿನಗಳಲ್ಲಿ.

ಗರ್ಭಾಂಕುರವಾದ ದಿನದಿಂದ ಎಣಿಸೋಣ. ಸುಮಾರು 18ನೆಯ ದಿನಕ್ಕೆ ಭ್ರೂಣದ ಬೆನ್ನಿನ ಮೇಲೆ ಒಂದು ತೆಳು ಹಾಳೆ ಕಾಣಿಸಿಕೊಳ್ಳುತ್ತದೆ. ಆ ಹಾಳೆಯ ಎರಡೂ ಅಂಚುಗಳು ಮೇಲೆದ್ದು, ಒಂದರ ಕಡೆಗೊಂದು ಬಾಗಿ, ನಡುವಿನಲ್ಲಿ ಕೂಡಿಕೊಂಡು ನಾಳವಾಗುತ್ತವೆ. ಚಪಾತಿಯನ್ನು ಸುರುಳಿ ಸುತ್ತಿ ಅಂಚು ಅಂಟಿಸಿದಂತೆ. ಇದೇ ನರನಾಳ. ನಾಳದ ತಲೆಯ ತುದಿ ಸುಮಾರು 25ನೆಯ ದಿನಕ್ಕೆ, ಬಾಲದ ತುದಿ 28ನೆಯ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಮುಂದೆ ಈ ನಾಳದ ಮುಂಭಾಗ ಉಬ್ಬಿ ಮುಮ್ಮಿದುಳು, ನಡುಮಿದುಳು, ಹಿಮ್ಮಿದುಳುಗಳಾಗುತ್ತದೆ, ಉಳಿದದ್ದು ಬೆನ್ನುಹುರಿಯಾಗುತ್ತದೆ.

ಆ ದಿನ ಭ್ರೂಣದ ಉದ್ದ ಎಷ್ಟು? ನಾಲ್ಕೈದು ಮಿಲಿಮೀಟರ್. ನಮ್ಮ ಬಿಳಿಜೋಳದ ಒಂದು ಕಾಳಿನಷ್ಟು.

ತಲೆಯ ತುದಿ ಮುಚ್ಚದೆ ಉಳಿದರೆ ಆ ಹೆಣ್ಣುಮಗಳ ಶಿಶುವಿಗಾದಂತೆ ಮಿದುಳು, ಬುರುಡೆಗಳು ಬೆಳೆಯುವುದಿಲ್ಲ. ಅಂಥ ಶಿಶು ಬದುಕುವುದಿಲ್ಲ. ಬೆನ್ನಿನ ಕಡೆ ಮುಚ್ಚದೆ ಉಳಿದರೆ ಬೆನ್ನುಹುರಿ ತೆರೆದ ಶಿಶು ಹುಟ್ಟುತ್ತದೆ. ಶಸ್ತ್ರಚಿಕಿತ್ಸೆಯಿಂದ ಬದುಕಿಸಬಹುದಾದರೂ ಕಾಲುಗಳ ಬಲಹೀನತೆ, ಮೂತ್ರದ ತೊಂದರೆ, ತಲೆಯಲ್ಲಿ ನೀರು ತುಂಬುವುದು ಮೊದಲಾದ ಕಷ್ಟಗಳು ಜೀವನಪೂರ್ತಿ ಬೆನ್ನು ಹತ್ತಬಹುದು.

ಇಲ್ಲಿ ಲೆಕ್ಕ ಗಮನಿಸಿರಿ. ಗರ್ಭಾಂಕುರವಾದ ಎರಡು ವಾರಕ್ಕೆ ಮುಟ್ಟು ನಿಲ್ಲುತ್ತದೆ. “ಇನ್ನೊಂದು ವಾರ ನೋಡೋಣ” ಎನ್ನುವಷ್ಟರಲ್ಲಿ ಹಾಳೆ ಸುರುಳಿಯಾಗತೊಡಗಿರುತ್ತದೆ. ಇನ್ನೊಂದು ವಾರ ಕಳೆದರೆ ನಾಳ ಮುಚ್ಚಿಯೇ ಆಗಿರುತ್ತದೆ. ಮೂರು ತಿಂಗಳು ತುಂಬಿದ ಮೇಲೆ ನಾನು ಕೊಟ್ಟ ಔಷಧ ಎಷ್ಟೇ ಒಳ್ಳೆಯದಿದ್ದರೂ ಆ ನಾಳವನ್ನು ತಿರುಗಿ ಮುಚ್ಚಲಾರದು.

ಸುಶ್ರುತರ ಸಭೆಯಲ್ಲಿ ಒಂದು ಚರ್ಚೆ

ಗರ್ಭದಲ್ಲಿ ಮೊದಲು ಹುಟ್ಟುವ ಅಂಗ ಯಾವುದು ಎಂಬ ಪ್ರಶ್ನೆ ನಮ್ಮ ಪ್ರಾಚೀನ ಆಚಾರ್ಯರನ್ನೂ ಕಾಡಿತ್ತು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಈ ವಾದ ಬರುತ್ತದೆ. ಇಂದ್ರಿಯಗಳಿಗೆಲ್ಲ ಮೂಲವಾದ ಶಿರಸ್ಸೇ ಮೊದಲೆಂದು ಶೌನಕರು, ಬುದ್ಧಿ ಮನಸ್ಸುಗಳ ನೆಲೆಯಾದ ಹೃದಯವೇ ಮೊದಲೆಂದು ಕೃತವೀರ್ಯರು, ನಾಭಿಯೆಂದು ಪಾರಾಶರ್ಯರು, ಕೈಕಾಲುಗಳೆಂದು ಮಾರ್ಕಂಡೇಯರು ವಾದಿಸುತ್ತಾರೆ. ಕೊನೆಗೆ ಧನ್ವಂತರಿಯ ತೀರ್ಮಾನ: ಎಲ್ಲ ಅಂಗಗಳೂ ಏಕಕಾಲಕ್ಕೆ ಹುಟ್ಟುತ್ತವೆ, ಅತಿ ಸೂಕ್ಷ್ಮವಾಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಬಿದಿರಿನ ಮೊಳಕೆಯಲ್ಲಿ, ಎಳೆಯ ಮಾವಿನಕಾಯಿಯಲ್ಲಿ ಮುಂದಿನ ಭಾಗಗಳೆಲ್ಲ ಅಡಗಿರುವಂತೆ.

ಆಚಾರ್ಯರಿಗೆ ವಂಶವಾಹಿಗಳ ವಿಚಾರ ಗೊತ್ತಿತ್ತೆಂದು ನಾನು ವಾದಿಸುವುದಿಲ್ಲ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅವರು ಸರಿಯಾದ ಪ್ರಶ್ನೆಯನ್ನು ಕೇಳಿದ್ದರು ಎಂಬುದಷ್ಟೇ ನನ್ನ ಗೌರವಕ್ಕೆ ಕಾರಣ. ಒಂದೇ ಜೀವಕೋಶದಿಂದ ಹೊರಟ ಕೋಟ್ಯಂತರ ಕೋಶಗಳಲ್ಲಿ ಪ್ರತಿಯೊಂದಕ್ಕೂ ಅದೇ ಬೀಜಗ್ರಂಥವಿದೆ. ಹಾಗಿದ್ದರೆ ಒಂದು ಕೋಶ ಮಿದುಳಾಗಬೇಕೆಂದೂ ಇನ್ನೊಂದು ಚರ್ಮವಾಗಬೇಕೆಂದೂ ಹೇಳುವವರು ಯಾರು?

ಒಂದು ನುಡಿ, ಹಲವು ಅರ್ಥ

ನಮ್ಮ ಜೀವಕೋಶದಲ್ಲಿ ಪ್ರೋಟೀನುಗಳನ್ನು ಮಾಡಿಸುವ ಸುಮಾರು 20,000 ವಂಶವಾಹಿಗಳಿವೆ. ಎಲ್ಲವೂ ಎಲ್ಲ ಕೋಶಗಳಲ್ಲೂ ಕೆಲಸ ಮಾಡುವುದಿಲ್ಲ. ಯಾವುದು ಎಚ್ಚರಗೊಳ್ಳಬೇಕು, ಯಾವುದು ಮಲಗಿರಬೇಕು ಎಂಬುದನ್ನು ನಿರ್ಧರಿಸುವ ವಿಶೇಷ ಪ್ರೋಟೀನುಗಳಿಗೆ ‘ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್’ ಎಂದು ಹೆಸರು. ನಾವು ಇವನ್ನು ‘ನಿಯಂತ್ರಕ ಪ್ರೋಟೀನ್’ ಎಂದು ಕರೆಯೋಣ. ಇವು ಡಿಎನ್‌ಎ ಎಳೆಯ ಮೇಲೆ ತಮಗೆ ಗೊತ್ತಾದ ಜಾಗದಲ್ಲಿ ಕುಳಿತು, ಹತ್ತಿರದ ವಂಶವಾಹಿಯ ನಕಲು ತೆಗೆಯಲು ಅಪ್ಪಣೆ ಕೊಡುತ್ತವೆ ಅಥವಾ ತಡೆಯುತ್ತವೆ. ಮನುಷ್ಯನಲ್ಲಿ ಇಂಥ ನಿಯಂತ್ರಕಗಳು ಸುಮಾರು 1,600 ಇವೆ.

ಇದನ್ನು ತಿಳಿಯಲು ನಮ್ಮ ಕಾರಣಿಕವನ್ನೇ ನೆನೆಯಬಹುದು. ಉಪವಾಸವ್ರತ ಕೈಗೊಂಡ ಗೊರವಯ್ಯನವರು ಬಿಲ್ಲನ್ನೇರಿ “ಸದ್ದಲೇ” ಎಂದೊಡನೆ ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಬರುವುದು ಒಂದು ಸಾಲಿನ ನುಡಿ. ರೈತ ಅದನ್ನು ಮಳೆಬೆಳೆಗೆ ಹೊಂದಿಸಿಕೊಳ್ಳುತ್ತಾನೆ; ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಧಾರಣೆಗೆ ಹೊಂದಿಸಿಕೊಳ್ಳುತ್ತಾನೆ; ರಾಜಕಾರಣಿ ಅಧಿಕಾರಕ್ಕೆ ಹೊಂದಿಸಿಕೊಳ್ಳುತ್ತಾನೆ. ನುಡಿ ಒಂದೇ, ಕೇಳುವವನಿಗೆ ತಕ್ಕಂತೆ ಕಾರ್ಯ ಬೇರೆ. ನಿಯಂತ್ರಕ ಪ್ರೋಟೀನೂ ಹೀಗೆಯೇ.

‘ಪ್ಯಾಕ್ಸ್6’ ಎಂಬ ನಿಯಂತ್ರಕವನ್ನು ನೋಡಿರಿ. ಇದು ಕಣ್ಣಿನ ಬೆಳವಣಿಗೆಗೂ, ಮಿದುಳಿನ ಬೆಳವಣಿಗೆಗೂ, ಮೇದೋಜೀರಕ ಗ್ರಂಥಿಗೂ ಬೇಕು. ಇದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಕಣ್ಣಿನ ಬಣ್ಣದ ಪರದೆಯೇ ಇಲ್ಲದೆ ಮಗು ಹುಟ್ಟಬಹುದು. 1995ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ತಂಡ ಹಣ್ಣಿನ ನೊಣದ ಮರಿಹುಳುವಿನಲ್ಲಿ ಇದಕ್ಕೆ ಸಮನಾದ ವಂಶವಾಹಿಯನ್ನು ಕಾಲು, ರೆಕ್ಕೆಗಳು ಬೆಳೆಯುವ ಜಾಗದಲ್ಲಿ ಎಚ್ಚರಿಸಿತು. ಅಲ್ಲಿಯೇ ಕಣ್ಣು ಮೂಡಿತು! ಇನ್ನೂ ಸೋಜಿಗವೆಂದರೆ, ಇಲಿಯ ವಂಶವಾಹಿಯನ್ನು ಹಾಕಿದಾಗಲೂ ಮೂಡಿದ್ದು ಇಲಿಯ ಕಣ್ಣಲ್ಲ, ನೊಣದ ಕಣ್ಣೇ. “ಕಣ್ಣಾಗು” ಎಂಬ ನುಡಿ ಒಂದೇ. ನೊಣದ ಕೋಶಗಳು ಅದನ್ನು ತಮ್ಮ ಭಾಷೆಯಲ್ಲಿ ಅರ್ಥ ಮಾಡಿಕೊಂಡವು.

ಮೀನು, ಕಪ್ಪೆ, ಕೋಳಿ, ಕುರಿ, ಮನುಷ್ಯ ಮೊದಲಾದ ಬೆನ್ನೆಲುಬುಳ್ಳ ಜೀವಿಗಳಲ್ಲೆಲ್ಲ ಮಿದುಳಿನ ಅಡಿಪಾಯ ಹಾಕುವ ನಿಯಂತ್ರಕಗಳು ಬಹುಮಟ್ಟಿಗೆ ಒಂದೇ. ‘ಒಟಿಎಕ್ಸ್2’ ಎಂಬುದು ಮುಮ್ಮಿದುಳು ಮತ್ತು ನಡುಮಿದುಳುಗಳ ಮೇಸ್ತ್ರಿ. ಇದನ್ನು ಪೂರ್ಣವಾಗಿ ತೆಗೆದುಹಾಕಿದ ಇಲಿಯ ಭ್ರೂಣದಲ್ಲಿ ತಲೆಯ ಮುಂಭಾಗವೇ ಹುಟ್ಟಲಿಲ್ಲ. ನಡುಮಿದುಳು ಮುಗಿದು ಹಿಮ್ಮಿದುಳು ಶುರುವಾಗುವ ಗೆರೆಯನ್ನು ಒಟಿಎಕ್ಸ್2 ಮತ್ತು ‘ಜಿಬಿಎಕ್ಸ್2’ ಎಂಬ ಎರಡು ನಿಯಂತ್ರಕಗಳು ಎದುರುಬದುರು ನಿಂತು ಎಳೆಯುತ್ತವೆ, ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವಿನ ಹಾಗೆ. ‘ಪ್ಯಾಕ್ಸ್3’ ಎಂಬುದು ನರನಾಳ ಮುಚ್ಚಿಕೊಳ್ಳಲು ಬೇಕು. ಅದು ಪೂರ್ತಿ ಕೆಟ್ಟ ಇಲಿಗಳಲ್ಲಿ ನಾಳ ತೆರೆದೇ ಉಳಿಯುತ್ತದೆ.

ನಮ್ಮ ದೇಶದಲ್ಲಿಯೂ ಈ ಸಂಶೋಧನೆ ನಡೆದಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಶುಭಾ ತೋಳೆ ಅವರ ತಂಡ ‘ಎಲ್‌ಎಚ್‌ಎಕ್ಸ್2’ ಎಂಬ ನಿಯಂತ್ರಕವನ್ನು ಅಧ್ಯಯನ ಮಾಡಿ 2008ರಲ್ಲಿ ಮಹತ್ವದ ಸಂಗತಿಯನ್ನು ಪ್ರಕಟಿಸಿತು. ಈ ನಿಯಂತ್ರಕವಿಲ್ಲದ ಕೋಶಗಳು ಆಲೋಚನೆಯ ನೆಲೆಯಾದ ಮಿದುಳಿನ ಹೊರಪದರವಾಗುವ ಬದಲು ದಾರಿ ತಪ್ಪಿ ಬೇರೊಂದು ಬಗೆಯ ಕೋಶಗಳಾಗುತ್ತವೆ. ಗಮನಿಸಬೇಕಾದದ್ದು ಇನ್ನೊಂದಿದೆ: ಈ ನಿರ್ಧಾರ ಬಹಳ ಚಿಕ್ಕ ಅವಧಿಯಲ್ಲಿ ಆಗಿಹೋಗುತ್ತದೆ. ಆ ಅವಧಿ ದಾಟಿದ ಮೇಲೆ ಎಲ್‌ಎಚ್‌ಎಕ್ಸ್2 ಇಲ್ಲವಾದರೂ ಕೋಶ ತನ್ನ ಗುರುತನ್ನು ಬದಲಿಸಿಕೊಳ್ಳುವುದಿಲ್ಲ. ಮಿದುಳಿನ ಸಂಶೋಧನೆಗಾಗಿ ಅವರಿಗೆ 2014ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಒಕ್ಕಣ್ಣಿನ ಕುರಿಮರಿಗಳು ಕಲಿಸಿದ ಪಾಠ

ಕುರಿಗಾರ ಭಕ್ತರಿಗೆ ಈ ಪ್ರಸಂಗ ಬೇಗ ಮನಮುಟ್ಟೀತು. ಅಮೆರಿಕದ ಐಡಾಹೊ ರಾಜ್ಯದಲ್ಲಿ 1950ರ ದಶಕದಲ್ಲಿ ಕುರಿಗಾರರು ಕಂಗಾಲಾದರು. ಹಿಂಡುಗಳಲ್ಲಿ ಹಣೆಯ ನಡುವೆ ಒಂದೇ ಕಣ್ಣುಳ್ಳ ಮರಿಗಳು ಹುಟ್ಟುತ್ತಿದ್ದವು. ಮುಮ್ಮಿದುಳು ಎರಡಾಗಿ ಬೇರ್ಪಡದೆ ಒಂದೇ ಮುದ್ದೆಯಾಗಿ ಉಳಿದಿತ್ತು. ವಿಜ್ಞಾನಿಗಳು ವರ್ಷಗಟ್ಟಲೆ ಕುರಿಗಳ ಜೊತೆಗಿದ್ದು ಕಾರಣ ಕಂಡುಹಿಡಿದರು: ಬೆಟ್ಟದ ಹುಲ್ಲುಗಾವಲಿನಲ್ಲಿ ಬೆಳೆಯುವ ಕಾರ್ನ್ ಲಿಲಿ ಎಂಬ ಸಸ್ಯ. ಗಬ್ಬದ 14ನೆಯ ದಿನದ ಸುಮಾರಿಗೆ ತಾಯಿಕುರಿ ಅದನ್ನು ಮೇದರೆ ಒಕ್ಕಣ್ಣಿನ ಮರಿ. ಆ ಹೊತ್ತಿನಲ್ಲಿ ಕುರಿಗಳನ್ನು ಆ ಗುಡ್ಡಕ್ಕೆ ಬಿಡದಿದ್ದರೆ ಮರಿಗಳಿಗೆ ಆ ದೋಷವಿಲ್ಲ.

ಆ ಸಸ್ಯದಲ್ಲಿರುವ ವಿಷಕ್ಕೆ ಸೈಕ್ಲೊಪಮೈನ್ ಎಂದು ಹೆಸರಾಯಿತು. ಭ್ರೂಣದ ಕೋಶಗಳ ನಡುವೆ ಓಡಾಡುವ ಒಂದು ಸಂದೇಶವನ್ನು ಅದು ತಡೆಯುತ್ತದೆ. ಆ ಸಂದೇಶ ಕೊನೆಗೆ ಮುಟ್ಟಬೇಕಾದದ್ದು ‘ಜಿಎಲ್‌ಐ’ ಎಂಬ ನಿಯಂತ್ರಕ ಪ್ರೋಟೀನುಗಳಿಗೆ. ಸಂದೇಶ ಮುಟ್ಟದಿದ್ದರೆ “ಮುಮ್ಮಿದುಳು ಎರಡಾಗಲಿ, ಕಣ್ಣುಗಳು ಎರಡಾಗಲಿ” ಎಂಬ ಅಪ್ಪಣೆ ಹೊರಡುವುದಿಲ್ಲ.

ಗಿಡಮೂಲಿಕೆಯನ್ನೇ ನಂಬಿ ನಲವತ್ತು ವರ್ಷ ವೈದ್ಯ ಮಾಡಿದ ನನಗೆ ಈ ಕಥೆ ದೊಡ್ಡ ಎಚ್ಚರಿಕೆ. ‘ಗಿಡದ್ದು, ಹಾಗಾಗಿ ನಿರಪಾಯ’ ಎಂಬ ಮಾತು ಸುಳ್ಳು. ಯಾವ ಸಸ್ಯ, ಎಷ್ಟು ಪ್ರಮಾಣ, ಯಾವ ದಿನ ಎಂಬ ಮೂರೂ ಮುಖ್ಯ.

ಗಂಡುಮಗುವಿನ ಪುಡಿ

ಈ ಎಚ್ಚರಿಕೆಯನ್ನು ಇಲ್ಲಿಯೇ ಇನ್ನಷ್ಟು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಗರ್ಭ ನಿಂತ ಒಂದೂವರೆ, ಎರಡು ತಿಂಗಳೊಳಗೆ ಸೇವಿಸಿದರೆ ಗಂಡುಮಗುವೇ ಆಗುತ್ತದೆಂದು ಪುಡಿ, ಗುಳಿಗೆಗಳನ್ನು ಕೊಡುವವರಿದ್ದಾರೆ. ನನ್ನ ಬಳಿಗೂ ಅಂಥ ಔಷಧ ಕೇಳಿಕೊಂಡು ಬಂದವರು ಕಡಿಮೆಯೇನಲ್ಲ.

ಮಗು ಗಂಡೋ ಹೆಣ್ಣೋ ಎಂಬುದು ಗರ್ಭಾಂಕುರವಾದ ಕ್ಷಣದಲ್ಲಿಯೇ, ತಂದೆಯ ಬೀಜದಿಂದ ಬಂದ ವರ್ಣತಂತುವಿನಿಂದ ನಿಶ್ಚಯವಾಗಿರುತ್ತದೆ. ಗಂಡಾಗಿಸುವ ‘ಎಸ್‌ಆರ್‌ವೈ’ ಎಂಬುದೂ ಒಂದು ನಿಯಂತ್ರಕ ಪ್ರೋಟೀನೇ. ಅದರ ವಂಶವಾಹಿ ಇರುವುದು ತಂದೆಯಿಂದ ಬರುವ ವೈ ವರ್ಣತಂತುವಿನಲ್ಲಿ. ಒಂದೂವರೆ ತಿಂಗಳ ಬಳಿಕ ತಾಯಿ ಪುಡಿ ತಿಂದರೆ ಅದು ಬದಲಾಗದು. ಆದರೆ ಅದೇ ದಿನಗಳಲ್ಲಿ ಶಿಶುವಿನ ಮಿದುಳು, ಹೃದಯ, ಕೈಕಾಲುಗಳು ರೂಪುಗೊಳ್ಳುತ್ತಿರುತ್ತವೆ. ಹರಿಯಾಣದಲ್ಲಿ ನಡೆದ ಅಧ್ಯಯನಗಳು ಇಂಥ ಪುಡಿಗಳ ಸೇವನೆಗೂ ಶಿಶುಗಳ ಜನ್ಮದೋಷಗಳಿಗೂ ನಂಟಿರುವುದನ್ನು ಕಂಡಿವೆ. ಹೆಣ್ಣನ್ನು ಒಲ್ಲೆನೆಂಬ ಆಸೆಯಿಂದ ಇರುವ ಮಗುವಿನ ಮಿದುಳನ್ನೇ ಪಣಕ್ಕಿಡುವುದು ಯಾವ ಧರ್ಮ? ಹೆಣ್ಣು ಗಂಡೆಂಬ ಭೇದವನ್ನು ಅಲ್ಲಗಳೆದ ಶರಣರ ಪರಂಪರೆಯವರಾದ ನಾವು ಇದನ್ನು ಮೊದಲು ಬಿಡಬೇಕು.

ದಾವಣಗೆರೆಯ ಲೆಕ್ಕ

ನರನಾಳದ ದೋಷ ಅಪರೂಪದ್ದೆಂದು ನಾನು ಬಹುಕಾಲ ತಿಳಿದಿದ್ದೆ. ಆದರೆ ರಾಣೇಬೆನ್ನೂರಿನಿಂದ ಒಂದು ತಾಸಿನ ದಾರಿಯಾದ ದಾವಣಗೆರೆಯಲ್ಲಿ ಮಕ್ಕಳ ತಜ್ಞ ಡಾ. ಎಂ. ಎಲ್. ಕುಲಕರ್ಣಿ ಮತ್ತು ಅವರ ಸಂಗಡಿಗರು ಆಸ್ಪತ್ರೆಗಳಲ್ಲಿ ಹುಟ್ಟಿದ 3,500 ಶಿಶುಗಳನ್ನು ಪರೀಕ್ಷಿಸಿ, ಸಾವಿರಕ್ಕೆ 11.4ರಷ್ಟು ಶಿಶುಗಳಲ್ಲಿ ಈ ದೋಷವನ್ನು ಕಂಡಿದ್ದರು. ಅದು 1989ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಷ್ಟದ ಹೆರಿಗೆಗಳು ದೊಡ್ಡ ಆಸ್ಪತ್ರೆಗೇ ಹೆಚ್ಚು ಬರುವುದರಿಂದ ಊರೂರಿಗೂ ಇದೇ ಲೆಕ್ಕವೆನ್ನಲಾಗದು. ಆದರೂ ಅದು ಬಹಳ ದೊಡ್ಡ ಸಂಖ್ಯೆ.

ಎರಡು ವರ್ಷಗಳ ಬಳಿಕ, 1991ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಅಧ್ಯಯನದ ಫಲ ಹೊರಬಂತು. ಹಿಂದೆ ಇಂಥ ದೋಷದ ಶಿಶುವನ್ನು ಹಡೆದಿದ್ದ 1,817 ಮಹಿಳೆಯರು ಅದರಲ್ಲಿದ್ದರು. ಗರ್ಭ ನಿಲ್ಲುವ ಮೊದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಿದವರಲ್ಲಿ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗಿತ್ತು. ಆ ಹೆಣ್ಣುಮಗಳು ನನ್ನ ಬಾಗಿಲಿಗೆ ಬರುವ ಹೊತ್ತಿಗೆ ಈ ಎರಡೂ ಸಂಗತಿಗಳು ಅಚ್ಚಾಗಿ ವರ್ಷಗಳೇ ಕಳೆದಿದ್ದವು. ನಾನು ಓದಿರಲಿಲ್ಲ.

ಫೋಲಿಕ್ ಆಮ್ಲದ ಕಥೆಯಲ್ಲಿ ಭಾರತದ ಪಾಲು ದೊಡ್ಡದು. ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬಯಿಯ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಅಜ್ಞಾತ ಪದಾರ್ಥವೇ ಫೋಲಿಕ್ ಆಮ್ಲ. 1941ರಲ್ಲಿ ಅದನ್ನು ಪಾಲಕ ಸೊಪ್ಪಿನಿಂದ ಬೇರ್ಪಡಿಸಿದಾಗ, ಲ್ಯಾಟಿನ್ ಭಾಷೆಯಲ್ಲಿ ‘ಎಲೆ’ ಎಂಬರ್ಥದ ಪದದಿಂದ ಅದಕ್ಕೆ ಹೆಸರಿಟ್ಟರು. ಪ್ರಯೋಗಶಾಲೆಯಲ್ಲಿ ಅದನ್ನು 1945ರಲ್ಲಿ ತಯಾರಿಸಿದ್ದು ಅಮೆರಿಕದಲ್ಲಿದ್ದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ.

ಇದರ ಕೆಲಸವೇನು? ನಾಳ ಮುಚ್ಚುವ ದಿನಗಳಲ್ಲಿ ಭ್ರೂಣದ ಕೋಶಗಳು ಅತಿವೇಗವಾಗಿ ಇಮ್ಮಡಿಯಾಗುತ್ತವೆ. ಪ್ರತಿ ಸಲವೂ ಬೀಜಗ್ರಂಥದ ಹೊಸ ಪ್ರತಿ ಬೇಕು. ಆ ಪ್ರತಿಗೆ ಬೇಕಾದ ಸಾಮಗ್ರಿಯನ್ನು ಒದಗಿಸಲು ಫೋಲಿಕ್ ಆಮ್ಲ ಬೇಕು. ನಿಯಂತ್ರಕ ಪ್ರೋಟೀನುಗಳು ಅಪ್ಪಣೆ ಕೊಟ್ಟರೂ ಇಟ್ಟಿಗೆ ಇಲ್ಲದೆ ಗೋಡೆ ಏಳುವುದು ಹೇಗೆ?

ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ಇನ್ನೊಂದು ಮಾತು ಮುಖ್ಯ. ಫೋಲಿಕ್ ಆಮ್ಲ ದೇಹದಲ್ಲಿ ಸರಿಯಾಗಿ ಕೆಲಸ ಮಾಡಲು ಬಿ12 ಜೀವಸತ್ವದ ನೆರವು ಬೇಕು. ಸೊಪ್ಪು, ಕಾಳು, ರೊಟ್ಟಿಗಳಲ್ಲಿ ಅದಿಲ್ಲ. ನಮಗದು ಸಿಗುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಹಾಲನ್ನೆಲ್ಲ ಡೇರಿಗೆ ಹಾಕಿ, ಸೊಸೆಗೆ ಕರಿ ಚಹಾ ಉಳಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಬಿ12 ಕಡಿಮೆಯಿರುವ ತಾಯಂದಿರಲ್ಲಿಯೂ ಈ ದೋಷದ ಸಂಭವ ಹೆಚ್ಚು.

ಬೀಜ ಮತ್ತು ಕ್ಷೇತ್ರ

ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿದರೆ ಮೊಳಕೆಯಂತೆ ಗರ್ಭವೂ ಅಂಕುರಿಸುತ್ತದೆಂದು ಸುಶ್ರುತರು ಹೇಳುತ್ತಾರೆ. ಬೀಜದ ಯಾವ ಭಾಗ ಕೆಟ್ಟಿದೆಯೋ ಅದರಿಂದಾಗುವ ಅಂಗ ಕೆಡುತ್ತದೆಂದು ಚರಕರು ಹೇಳುತ್ತಾರೆ. ಬೀಜೋತ್ಪಾದನೆಗೆ ಹೆಸರಾದ ರಾಣೇಬೆನ್ನೂರಿನ ರೈತರಿಗೆ ಇದನ್ನು ನಾನು ವಿವರಿಸಬೇಕಿಲ್ಲ. ಹೆಣ್ಣುಗಿಡ, ಗಂಡುಗಿಡ ಎರಡನ್ನೂ ನೋಡಿ ಆರಿಸಿ, ಹೊಲವನ್ನು ಬಿತ್ತನೆಗೆ ಮೊದಲು ಹದ ಮಾಡುವವರು ಅವರು. ಬೆಳೆ ಎದ್ದ ಮೇಲೆ ಹರಗಿ ಹದ ಮಾಡುತ್ತೇನೆನ್ನುವ ರೈತನಿಲ್ಲ.

ಬೀಜದ ದೋಷಕ್ಕೆ ಸಂಬಂಧಿಸಿದ ಒಂದು ಮಾತು ನಮ್ಮ ಮನೆಗಳಿಗೆ ತಟ್ಟುವಂಥದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಮತ್ತು ನಿಮ್ಹಾನ್ಸ್‌ನ ಸತೀಶ ಗಿರಿಮಾಜಿ ಮೊದಲಾದವರು, ಹುಟ್ಟಿನಿಂದಲೇ ಮಿದುಳು ಚಿಕ್ಕದಾಗಿರುವ ಮಕ್ಕಳ ಭಾರತೀಯ ಕುಟುಂಬಗಳನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾಗುವ ‘ಎಸ್‌ಟಿಐಎಲ್’ ಎಂಬ ವಂಶವಾಹಿಯ ದೋಷವನ್ನು 2009ರಲ್ಲಿ ಗುರುತಿಸಿದರು. ಇದು ನಿಯಂತ್ರಕ ಪ್ರೋಟೀನಲ್ಲ; ಮಿದುಳಿನ ಮೂಲಕೋಶಗಳು ಸರಿಯಾಗಿ ಇಬ್ಭಾಗವಾಗಲು ಬೇಕಾದದ್ದು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಮಗುವಿಗೆ ರೋಗ. ಸೋದರಮಾವ, ಅತ್ತೆಯ ಮಗ ಮೊದಲಾದ ರಕ್ತಸಂಬಂಧದ ಮದುವೆಗಳಲ್ಲಿ ಹಾಗೆ ಒಂದೇ ದೋಷ ಎರಡೂ ಕಡೆಯಿಂದ ಬರುವ ಸಂಭವ ಹೆಚ್ಚು. ಆಸ್ತಿ ಮನೆಯಲ್ಲೇ ಉಳಿಯಲೆಂದು ಮಾಡುವ ಸಂಬಂಧದಲ್ಲಿ ದೋಷವೂ ಮನೆಯಲ್ಲೇ ಉಳಿಯುತ್ತದೆ.

ಮಾಡಬೇಕಾದದ್ದೇನು?

೧. ಮಗು ಬೇಕೆಂದು ನಿಶ್ಚಯಿಸಿದ ದಂಪತಿ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ಹೊಸದಾಗಿ ಮದುವೆಯಾದವರಿಗೆ ಇದು ಹೆಚ್ಚು ಅನ್ವಯಿಸುತ್ತದೆ.

೨. ಸ್ತ್ರೀ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ಸೇವಿಸಬೇಕು. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮವೂ ಇದನ್ನೇ ಹೇಳುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

೩. ಹಿಂದೆ ಇಂಥ ದೋಷದ ಶಿಶು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ, ಅಂದರೆ 4ರಿಂದ 5 ಮಿಲಿಗ್ರಾಂ ಬೇಕಾಗುತ್ತದೆ. ಅದನ್ನು ವೈದ್ಯರೇ ಬರೆದುಕೊಡಬೇಕು.

೪. ಮೂರ್ಛೆರೋಗಕ್ಕೆ ಔಷಧ ಸೇವಿಸುವವರು ಗರ್ಭ ಧರಿಸುವ ಮೊದಲೇ ತಜ್ಞರೊಂದಿಗೆ ಮಾತನಾಡಬೇಕು. ಸೋಡಿಯಂ ವ್ಯಾಲ್ಪ್ರೊಯೇಟ್ ಎಂಬ ಮಾತ್ರೆ ನರನಾಳದ ದೋಷಕ್ಕೆ ಕಾರಣವಾಗಬಲ್ಲದು. ತಾವಾಗಿಯೇ ನಿಲ್ಲಿಸುವುದೂ ಅಪಾಯ. ಸಕ್ಕರೆಕಾಯಿಲೆಯನ್ನೂ ಮೊದಲೇ ಹತೋಟಿಗೆ ತಂದುಕೊಳ್ಳಬೇಕು.

೫. ಹೆಸರುಕಾಳು, ಕಡಲೆ, ಅಲಸಂದಿ, ಶೇಂಗಾ, ಮೆಂತ್ಯ, ಪಾಲಕ, ರಾಜಗಿರಿ ಸೊಪ್ಪುಗಳಲ್ಲಿ ಫೋಲೇಟ್ ಇದೆ. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಬಸಿದರೆ ಅದು ಹೋಗುತ್ತದೆ. ದಿನವೂ ಹಾಲು ಮಜ್ಜಿಗೆ ಸೊಸೆಯ ತಟ್ಟೆಗೂ ಬರಲಿ. ಆದರೆ ಆಹಾರ ಮಾತ್ರೆಗೆ ಬದಲಲ್ಲ, ಎರಡೂ ಬೇಕು.

೬. ಗರ್ಭ ಧರಿಸುವ ಯೋಚನೆಯಿರುವಾಗ ಮತ್ತು ಮೊದಲ ಮೂರು ತಿಂಗಳಲ್ಲಿ ಹೆಸರಿಲ್ಲದ ಪುಡಿ, ಭಸ್ಮ, ಗುಳಿಗೆ ಯಾವುದನ್ನೂ ಸೇವಿಸಬಾರದು. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ದೋಷ ತಪ್ಪುವುದಿಲ್ಲ. ಆಗ ತಾಯಿಯನ್ನು ದೂರಬೇಡಿರಿ. ಗ್ರಹಣದಲ್ಲಿ ಈಳಿಗೆ ಮುಟ್ಟಿದ್ದಕ್ಕಾಗಲಿ, ಹೊಸ್ತಿಲ ಮೇಲೆ ಕುಳಿತದ್ದಕ್ಕಾಗಲಿ ನರನಾಳ ತೆರೆದುಕೊಳ್ಳುವುದಿಲ್ಲ. ಆಕೆಗೆ ಗರ್ಭ ನಿಂತಿದೆಯೆಂದು ತಿಳಿಯುವ ಮೊದಲೇ ನಡೆದುಹೋದ ಸಂಗತಿಗೆ ಆಕೆ ಹೊಣೆಗಾರಳಲ್ಲ.

ಆ ಹೆಣ್ಣುಮಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮೂರನೆಯ ಸಲ ದಂಪತಿಯನ್ನು ನಾನೇ ಸ್ತ್ರೀರೋಗತಜ್ಞರ ಬಳಿಗೆ ಕರೆದೊಯ್ದೆ. ಅತ್ತೆಯವರನ್ನು ಕೂರಿಸಿಕೊಂಡು, ಜೋಳದ ಕಾಳೊಂದನ್ನು ಅಂಗೈಯಲ್ಲಿಟ್ಟು, ಇಷ್ಟೇ ಇದ್ದಾಗ ಎಲ್ಲವೂ ಆಗಿಹೋಗಿತ್ತು ಎಂದು ತಿಳಿಸಿದೆ. ಅವರು ಬಹಳ ಹೊತ್ತು ಆ ಕಾಳನ್ನೇ ನೋಡುತ್ತಿದ್ದರು. ಗರ್ಭ ನಿಲ್ಲುವ ಮೂರು ತಿಂಗಳ ಮುಂಚಿನಿಂದ ಆಕೆ ಮಾತ್ರೆ ತೆಗೆದುಕೊಂಡಳು. ಅತ್ತೆಯೇ ದಿನವೂ ನೆನಪಿಸಿ ಕೊಡುತ್ತಿದ್ದರಂತೆ. ಹೆಣ್ಣುಮಗು ಹುಟ್ಟಿತು, ಆರೋಗ್ಯವಾಗಿ. ಅದು ಮಾತ್ರೆಯೊಂದರಿಂದಲೇ ಆಯಿತೆಂದು ನಾನು ಹೇಳಲಾರೆ. ಮಾತ್ರೆಯಿಲ್ಲದೆಯೂ ಆ ಮಗು ಸರಿಯಾಗಿಯೇ ಹುಟ್ಟುತ್ತಿತ್ತೇನೋ. ಆದರೆ ಮೊದಲ ಎರಡು ಸಲ ಸಿಗದ ಅವಕಾಶ ಈ ಸಲ ಸಿಕ್ಕಿತ್ತು.

ಅಂದಿನಿಂದ ನನ್ನ ಬಳಿಗೆ ಬರುವ ನವದಂಪತಿಗಳಿಗೆ “ಗರ್ಭ ನಿಂತ ಮೇಲೆ ಬಾ” ಎಂದು ಹೇಳುವುದನ್ನು ಬಿಟ್ಟಿದ್ದೇನೆ. ಈ ಲೇಖನ ಓದಿದ ತಾವೂ ತಮ್ಮ ಮನೆಯ ಸೊಸೆಗೆ, ಮಗಳಿಗೆ, ಮದುವೆ ನಿಶ್ಚಯವಾದ ನೆರೆಮನೆಯ ಹುಡುಗಿಗೆ ಈ ಮಾತನ್ನು ಮುಟ್ಟಿಸಿದರೆ ಶ್ರೀಮಠಕ್ಕೆ ಸಲ್ಲುವ ಸೇವೆ ಅದೇ ಎಂದು ಭಾವಿಸುತ್ತೇನೆ.